ಆಪ್ತ ಸಲಹೆ: ಬೇಟೆ ಕಲಿಸಿದ ಸ್ನೇಹಿತರ ಜೊತೆ ಈ ವರ್ಷವೂ ಹೋಗಬೇಕೇ?

ಅಮೆರಿಕದ ಡೆನ್ವರ್ ಬಳಿ ನೆಲೆಸಿರುವ ಕೊಡಗಿನ ಓದುಗರೊಬ್ಬರು ಬರೆದ ಪತ್ರವನ್ನು ಓದಿ ಮುಗಿಸಿದ ಮೇಲೆ ಈ ವಾರ ಬೇರೆ ಯಾವ ಪತ್ರಕ್ಕೂ ಮನಸ್ಸು ಕೊಡಲು ನನ್ನಿಂದ ಆಗಲಿಲ್ಲ. ಅವರು ಸಲಹೆ ಕೇಳಿರುವುದು ಒಂದು ವಿಷಯಕ್ಕೆ, ನನ್ನ ನಿದ್ದೆ ಕೆಡಿಸಿದ್ದು ಅವರು ಅರ್ಧ ಸಾಲಿನಲ್ಲಿ ದಾಟಿಸಿಬಿಟ್ಟ ಇನ್ನೊಂದು ಸಂಗತಿ.

ಪತ್ರದ ಸಾರಾಂಶವನ್ನು ಮೊದಲು ಹೇಳಿಬಿಡುತ್ತೇನೆ. ಬರೆದವರಿಗೆ 41 ವರ್ಷ, ಮನೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದಾರೆ. ಕನ್ನಡ ಕೂಟದಲ್ಲಿ ಪರಿಚಯವಾದ, ತಮಗಿಂತ ಹಿರಿಯರಾದ ಸ್ನೇಹಿತರೊಬ್ಬರು ಅವರಿಗೆ ಡೆನ್ವರ್ ಇರುವ ಕೊಲೊರಾಡೊ ರಾಜ್ಯದ ಕಾಡುಗಳನ್ನೂ ಜಿಂಕೆ ಬೇಟೆಯನ್ನೂ ಪರಿಚಯಿಸಿದರು. ಟ್ಯಾಗ್ (ಅರ್ಜಿ ಹಾಕಿದವರಲ್ಲಿ ಕೆಲವರಿಗೆ ಮಾತ್ರ ಸಿಗುವ, ಹೊಡೆದ ಪ್ರಾಣಿಗೆ ಕಟ್ಟಬೇಕಾದ ಬೇಟೆಯ ಪರವಾನಗಿ ಚೀಟಿ) ಸಿಕ್ಕ ವರ್ಷಗಳಲ್ಲಿ ಇಬ್ಬರೂ ಅಕ್ಟೋಬರ್ ಕೊನೆಯಲ್ಲಿ ಫ್ಲಾಟ್ ಟಾಪ್ಸ್ ಪ್ರದೇಶಕ್ಕೆ ಹೋಗಿ, ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ, ಎಂಟು ಕಿಲೋಮೀಟರ್ ಒಳಗೆ ನಡೆದು, ಸುಮಾರು 3,200 ಮೀಟರ್ ಎತ್ತರದಲ್ಲಿ ಡೇರೆ ಹಾಕುತ್ತಾರೆ. ಈಗ ಅವರ ಜೊತೆ ಕೆಲಸ ಮಾಡುವ, ಅರವತ್ತರ ಆಸುಪಾಸಿನ ಸ್ಥಳೀಯರೊಬ್ಬರು ತಮ್ಮ ಜೊತೆ ಬರುವಂತೆ ಕರೆದಿದ್ದಾರೆ. ಹಳೆಯ ಸ್ನೇಹಿತರೋ ಈ ವರ್ಷವೂ ಟ್ಯಾಗ್‌ಗೆ ಒಟ್ಟಾಗಿ ಗುಂಪು ಅರ್ಜಿ ಹಾಕೋಣ ಎಂದು ಒತ್ತಾಯಿಸುತ್ತಿದ್ದಾರೆ. ಹಳಬರ ಮೇಲೆ ನಮ್ಮ ಓದುಗರ ದೂರುಗಳು ಹಲವು: ಇವರಿಬ್ಬರೂ ಸೇರಿ ಗುರುತು ಮಾಡಿಕೊಂಡ ಜಾಗಕ್ಕೆ ಬೇರೆಯವರನ್ನು ಕರೆದೊಯ್ದದ್ದು, ಮಾಂಸ ಹೊರುವಾಗ ಹಗುರದ ಚೀಲ ಆರಿಸಿಕೊಳ್ಳುವುದು, ಕೊಂಬಿನ ಜೊತೆ ತೆಗೆದ ಚಿತ್ರಗಳಲ್ಲಿ ಇವರನ್ನು ಬಿಟ್ಟುಬಿಡುವುದು. ಮಡಿಕೇರಿಯಲ್ಲಿರುವ ಅಣ್ಣನನ್ನು ಕೇಳಿದಾಗ, "ಬೇಟೆ ಕಲಿಸಿದವನನ್ನು ಬಿಟ್ಟು ಪರಕೀಯರ ಜೊತೆ ಹೋಗುವುದು ನಮ್ಮ ಮನೆತನಕ್ಕೆ ಒಪ್ಪುವ ಮಾತಲ್ಲ" ಎಂದು ಅವರು ಹೇಳಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಕೂಡ ಮಾಂಸದ ಪಾಲು, ಚಿತ್ರದ ಮುನಿಸು ಮುಂತಾದವುಗಳ ಬಗ್ಗೆ ನಾಲ್ಕು ಸಮಾಧಾನದ ಮಾತು ಬರೆದು ಮುಗಿಸುತ್ತಿದ್ದೆ. ಆದರೆ ಪತ್ರದ ಮೂರನೆಯ ಪುಟದಲ್ಲಿ ಹೀಗೊಂದು ವಾಕ್ಯವಿದೆ: "ಕಳೆದ ವರ್ಷ ಎರಡನೆಯ ರಾತ್ರಿ ನನಗೆ ವಿಪರೀತ ತಲೆನೋವು, ವಾಂತಿ ಆಗಿ ಮರುದಿನ ಡೇರೆಯಲ್ಲೇ ಮಲಗಿದ್ದೆ, ಅವರು ನಸುಕಿಗೇ ಹೋಗಿ ಕತ್ತಲಾದ ಮೇಲೆ ಬಂದರು, ಸ್ಯಾಟಲೈಟ್ ಸಾಧನವೂ ಕಾರಿನ ಕೀಲಿಯೂ ಅವರ ಹತ್ತಿರವೇ ಇದ್ದವು, ಮಧ್ಯಾಹ್ನದ ಹೊತ್ತಿಗೆ ನಾನು ಸುಧಾರಿಸಿಕೊಂಡಿದ್ದರಿಂದ ತೊಂದರೆಯೇನೂ ಆಗಲಿಲ್ಲ."

ಸ್ವಾಮಿ, ನೀವು ಎರಡು ಪುಟ ತುಂಬಿಸಿದ ದೂರುಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಒಂದು ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಿ.

ಡೆನ್ವರ್ ನಗರವೇ 1,609 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಅಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಎತ್ತರ ಅಭ್ಯಾಸವಾಗಿದೆ ಎಂಬ ಭಾವನೆ ಇರುವುದು ಸಹಜ. ಆದರೆ ನೀವು ಡೇರೆ ಹಾಕಿದ ಜಾಗ ಅದರ ಇಮ್ಮಡಿಯಷ್ಟು ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂಬುದನ್ನು ನೆನೆದರೆ ಆ ಎತ್ತರ ಎಂಥದ್ದೆಂದು ಮನೆಯವರಿಗೂ ಅರ್ಥವಾದೀತು. 2,500 ಮೀಟರಿನಿಂದ ಮೇಲೆ, ಭಾರ ಹೊತ್ತು ಬೇಗ ಹತ್ತಿದ ಆರೋಗ್ಯವಂತರಿಗೂ ಎತ್ತರದ ಕಾಯಿಲೆ ಬರಬಹುದು. ತಲೆನೋವು, ಹೊಟ್ಟೆ ತೊಳಸುವುದು, ವಾಂತಿ, ನಿತ್ರಾಣ ಅದರ ಮೊದಲ ಲಕ್ಷಣಗಳು. ಬಹುಪಾಲು ಜನರಿಗೆ ಅದು ವಿಶ್ರಾಂತಿಯಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿಕೊಂಡು ಪ್ರಾಣಕ್ಕೇ ಬರುತ್ತದೆ. ಯಾರಿಗೆ ಯಾವುದಾಗುತ್ತದೆ ಎಂಬುದು ಮೊದಲ ರಾತ್ರಿಯ ತಲೆನೋವಿನಿಂದ ತಿಳಿಯುವುದಿಲ್ಲ, ಆದ್ದರಿಂದಲೇ ಪಕ್ಕದಲ್ಲಿ ಒಬ್ಬರು ಕುಳಿತು ನೋಡುತ್ತಿರಬೇಕು. ಮಿದುಳು ಊದಿಕೊಳ್ಳತೊಡಗಿದವನಿಗೆ ತನ್ನ ಬುದ್ಧಿ ಮಂಕಾಗುತ್ತಿರುವುದು ತನಗೇ ಗೊತ್ತಾಗುವುದಿಲ್ಲ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಾಲ್ಕು ಹೆಜ್ಜೆ ನಡೆಯಲು ಹೇಳಿ, ತೂರಾಡಿದರೆ ತಕ್ಷಣ ಕೆಳಗಿಳಿಸುವ ಕೆಲಸ ಜೊತೆಗಾರನದು, ಮತ್ತು ಇಳಿಯುವುದೇ ಅದರ ಮುಖ್ಯ ಚಿಕಿತ್ಸೆ. ಜೊತೆಗೆ, ರಾತ್ರಿ ಡೇರೆಯೊಳಗೆ ಗ್ಯಾಸ್ ಹೀಟರ್ ಉರಿಸಿದ್ದೆವೆಂದು ಇನ್ನೊಂದು ಕಡೆ ಬರೆದಿದ್ದೀರಿ. ಗಾಳಿಯಾಡದ ಡೇರೆಯಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಕೂಡ ಇದೇ ತಲೆನೋವು, ಇದೇ ವಾಂತಿಯನ್ನು ತರುತ್ತದೆ, ನಿದ್ದೆಯಲ್ಲೇ ಕೊಲ್ಲುತ್ತದೆ. ಯಾವ ಕಾರಣದಿಂದ ಆದರೂ, ಫೋನ್ ಸಿಗ್ನಲ್ ಇಲ್ಲದ, ಯಾವ ಗಳಿಗೆಯಲ್ಲೂ ಹಿಮ ಬೀಳಬಹುದಾದ ಕಾಡಿನಲ್ಲಿ, ಸಹಾಯ ಕೇಳುವ ಒಂದೇ ಸಾಧನ ಎದ್ದು ನಿಲ್ಲಲಾಗದ ನಿಮ್ಮ ಬಳಿ ಇರದೆ, ಬಂದೂಕು ಹೆಗಲಿಗೇರಿಸಿಕೊಂಡು ಹೊರಟ ಆರೋಗ್ಯವಂತನ ಜೇಬಿನಲ್ಲಿತ್ತು. ಹದಿನಾಲ್ಕು ಗಂಟೆಗಳ ಕಾಲ.

ನಿಮ್ಮ ಸ್ನೇಹಿತರು ಕೆಟ್ಟವರೆಂದು ನಾನು ಹೇಳುವುದಿಲ್ಲ. ವರ್ಷವಿಡೀ ಕಾದು, ರಜೆ ಹೊಂದಿಸಿಕೊಂಡು, ಕೆಲವೇ ದಿನಗಳ ಋತುವಿನಲ್ಲಿ ಒಂದು ದಿನ ಕಳೆದುಕೊಳ್ಳಬೇಕಾದಾಗ ಒಳ್ಳೆಯವರ ವಿವೇಕವೂ ಮಸುಕಾಗುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಅವರು ನಿಮ್ಮನ್ನು ವಿಚಾರಿಸಿದರು, ಮಾತ್ರೆ ಕೊಟ್ಟರು, "ಹೋಗಿ ಬನ್ನಿ" ಎಂದು ನೀವೇ ಹೇಳಿದಿರಿ. ಹೀಗೆ ಹೇಳಿದ್ದು ನಿಮ್ಮ ದಾಕ್ಷಿಣ್ಯ, ಅದನ್ನು ಒಪ್ಪಿಕೊಂಡು ಹೊರಟದ್ದು ಅವರ ತಪ್ಪು. ಕಾಯಿಲೆಯವನ ದಾಕ್ಷಿಣ್ಯವನ್ನು ಅನುಮತಿಯೆಂದು ತಿಳಿಯಬಾರದು ಎಂದು ಈ ಅಂಕಣದಲ್ಲಿ ಬಾಣಂತಿಯರ ವಿಷಯದಲ್ಲಿ, ವೃದ್ಧ ತಂದೆತಾಯಿಯರ ವಿಷಯದಲ್ಲಿ ಬೇಸರವಾಗುವಷ್ಟು ಸಲ ಬರೆದಿದ್ದೇನೆ, ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ನನಗೆ ನಿಜವಾದ ಸಿಟ್ಟು ಬಂದಿರುವುದು ನಿಮ್ಮ ಅಣ್ಣನ ಮೇಲೆ. ಈ ಘಟನೆಯನ್ನು ನೀವು ಅವರಿಗೆ ಫೋನಿನಲ್ಲಿ ಹೇಳಿದ್ದೀರಿ, ಅವರು ಕೇಳಿಸಿಕೊಂಡು, "ಇದನ್ನೆಲ್ಲ ಹೆಂಡತಿಗೆ ಹೇಳಬೇಡ, ಇನ್ನು ಬಿಡುವುದೇ ಇಲ್ಲ" ಎಂದಿದ್ದಾರೆ, ಜೊತೆಗೆ ಮನೆತನದ ಮಾತನ್ನೂ ಆಡಿದ್ದಾರೆ. ಮನೆತನದ ಗೌರವ ಸಣ್ಣದೆಂದು ನಾನು ಹೇಳುತ್ತಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಗಳಲ್ಲಿ ಆಯುಧದ ಜೊತೆಗೆ ಹೊಣೆಯೂ ಬರುತ್ತದೆಂದು ಹಿರಿಯರು ಕಲಿಸುತ್ತಿದ್ದರು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲು ನಿಮ್ಮ ಅಜ್ಜಂದಿರು ಹೋಗುತ್ತಿದ್ದ ಬೇಟೆ ತೋಟದಂಚಿನ ಕಾಡಿನಲ್ಲಿ, ಹತ್ತಾರು ಜನ ಮತ್ತು ನಾಯಿಗಳ ನಡುವೆ, ಕೂಗಿದರೆ ಓಗೊಡುವ ದೂರದಲ್ಲಿ ನಡೆಯುತ್ತಿತ್ತು. ಅಲ್ಲಿ ಒಬ್ಬನಿಗೆ ಏನಾದರೂ ಆದರೆ ಎತ್ತಿಕೊಂಡು ಬರಲು ಹತ್ತು ಹೆಗಲು ಇರುತ್ತಿದ್ದವು. ಇಲ್ಲಿ ನಿಮಗೆ ಇರುವುದು ಒಂದೇ ಹೆಗಲು, ಆ ಹೆಗಲು ಯಾರದು ಎಂಬುದನ್ನು ನಿರ್ಧರಿಸುವ ಹಕ್ಕು ಆ ಬೆಟ್ಟವನ್ನೇ ಕಾಣದ ಅಣ್ಣನಿಗೆ ಇಲ್ಲ. ಹೆಂಡತಿಯಿಂದ ಮುಚ್ಚಿಡು ಎಂದದ್ದಂತೂ ಕ್ಷಮಿಸುವ ಮಾತಲ್ಲ. ನೀವು ಹೊತ್ತಿಗೆ ಸರಿಯಾಗಿ ಮರಳದಿದ್ದರೆ ಕೌಂಟಿಯ ಶೆರಿಫ್ (ಅಲ್ಲಿನ ಜಿಲ್ಲಾ ಪೊಲೀಸ್ ಮುಖ್ಯಸ್ಥ) ಕಚೇರಿಗೆ ಕರೆ ಮಾಡಬೇಕಾದವರು ಆಕೆ. ಯಾವ ಕಾಡಿನ ದಾರಿ, ಎಲ್ಲಿ ಡೇರೆ, ಎಷ್ಟು ಹೊತ್ತಿಗೆ ವಾಪಸು ಎಂಬುದು ಬರಹದಲ್ಲಿ ಇರಬೇಕಾದದ್ದು ಆಕೆಯ ಕೈಯಲ್ಲಿ. ಕಳೆದ ವರ್ಷ ನಡೆದದ್ದನ್ನು ಇಂದೇ ಆಕೆಗೆ ಹೇಳಿ.

ಇನ್ನು ಹೊಸಬರ ವಿಷಯ. ಅವರು ನಿಮ್ಮನ್ನು ಕರೆಯುವ ಮುನ್ನ ಕೇಳಿದ ಪ್ರಶ್ನೆಗಳಿಂದ ನಿಮಗೆ ನೋವಾಯಿತೆಂದು ಬರೆದಿದ್ದೀರಿ: ಎಷ್ಟು ಭಾರ ಹೊತ್ತು ಎಷ್ಟು ದೂರ ನಡೆದಿದ್ದೀರಿ, ಯಾವ ಔಷಧ ತೆಗೆದುಕೊಳ್ಳುತ್ತೀರಿ, ಎತ್ತರದಲ್ಲಿ ಎಂದಾದರೂ ಕಾಯಿಲೆ ಬಿದ್ದಿದ್ದೀರಾ, ನಿಮಗೇನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಕೊನೆಯ ಸಲ ಗುರಿಯಿಟ್ಟೂ ಗುಂಡು ಹಾರಿಸದೆ ಬಂದದ್ದು ಯಾವಾಗ, ಏಕೆ. ನಮ್ಮ ಕಡೆ ಇಂಥ ಪ್ರಶ್ನೆ ಕೇಳಿದರೆ ನಂಬಿಕೆ ಇಲ್ಲವೆಂದು ಅರ್ಥ ಮಾಡಿಕೊಳ್ಳುತ್ತೇವೆ, ಊರು ಯಾವುದು, ಮನೆ ಯಾರದು ಎಂದು ಕೇಳಿ ತೃಪ್ತರಾಗುತ್ತೇವೆ. ಆದರೆ ಪಾಳೆಯದಲ್ಲಿ ಪ್ರಯೋಜನಕ್ಕೆ ಬರುವುದು ಈ ಮನುಷ್ಯರು ಕೇಳಿದ ಪ್ರಶ್ನೆಗಳ ಉತ್ತರವೇ ಹೊರತು ಒಂದೇ ತಾಲ್ಲೂಕಿನವರೆಂಬ ಸಂಗತಿಯಲ್ಲ. ಅದರಲ್ಲೂ ಕೊನೆಯ ಪ್ರಶ್ನೆ ಕೇಳಿದವರ ಬಗ್ಗೆ ನನಗೆ ಬಹಳ ಗೌರವವಿದೆ. ಹಿನ್ನೆಲೆಯಲ್ಲಿ ಏನಿದೆಯೆಂದು ಕಾಣದಿದ್ದಾಗ, ಬೆಳಕು ಸಾಲದಿದ್ದಾಗ, ಕಣಿವೆಯ ಆಚೆ ಬಿದ್ದ ಪ್ರಾಣಿಯನ್ನು ಹೊತ್ತು ತರಲು ತಮ್ಮಿಂದ ಆಗದೆಂದು ಗೊತ್ತಿದ್ದಾಗ ಬೆರಳನ್ನು ಹಿಂದಕ್ಕೆ ತೆಗೆದವರ ಜೊತೆ ಮಾತ್ರ ಬಂದೂಕು ಹಿಡಿದು ನಡೆಯಬಹುದು. ಅಲ್ಲಿನ ಜಿಂಕೆಯಾದ ಮ್ಯೂಲ್ ಡೀರ್‌ನ ಬಲಿತ ಗಂಡು ಒಂದರಿಂದ ಮೂಳೆ ಬಿಡಿಸಿದ ಮಾಂಸವೇ ಮೂವತ್ತು ಕಿಲೋ ಆಸುಪಾಸು ಬರುತ್ತದೆ, ಡೇರೆ, ಬಟ್ಟೆ, ಬಂದೂಕುಗಳ ಭಾರ ಅದರ ಮೇಲೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಕೊಲೊರಾಡೊದಲ್ಲಿ ಅಪರಾಧ. ಕಾನೂನು ಹಾಗಿಲ್ಲದಿದ್ದರೂ ಅದು ಕೊಂದ ಪ್ರಾಣಿಗೆ ಮಾಡುವ ಅವಮಾನ.

ಹಳೆಯ ಸ್ನೇಹಿತರು ನಿಮ್ಮನ್ನು ಒಪ್ಪಿಸಲು ಹೇಳಿರುವ ಇನ್ನೊಂದು ಮಾತಿಗೂ ಉತ್ತರ ಕೊಡಬೇಕು. ಕೊನೆಯ ದಿನದವರೆಗೂ ನಿಮಗೆ ಜಿಂಕೆ ಸಿಗದಿದ್ದರೆ ತಾವೇ ಹೊಡೆದು ಕೊಡುವುದಾಗಿಯೂ ನೀವು ನಿಮ್ಮ ಟ್ಯಾಗ್ ಕಟ್ಟಿದರಾಯಿತೆಂದೂ ಅವರು ಹೇಳಿದ್ದಾರೆ. ಒಬ್ಬರ ಟ್ಯಾಗ್‌ಗೆ ಇನ್ನೊಬ್ಬರು ಪ್ರಾಣಿ ಹೊಡೆಯುವುದು ಆ ರಾಜ್ಯದಲ್ಲಿ ನಿಷಿದ್ಧ, ಹೊಡೆದವರೂ ಹೊಡೆಸಿದವರೂ ತಪ್ಪಿತಸ್ಥರಾಗುತ್ತಾರೆ. ಪ್ರೀತಿಯಿಂದ ಹೇಳಿದರೂ ಈ ಮಾತಿಗೆ ತಲೆಯಾಡಿಸಬೇಡಿ.

ಹೊಸಬರನ್ನೂ ಕಣ್ಣು ಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಪ್ರಶ್ನೆ ಕೇಳುವವರೆಲ್ಲ ಒಳ್ಳೆಯ ಜೊತೆಗಾರರಾಗಿರುವುದಿಲ್ಲ, ಅದನ್ನು ತಿಳಿಯಲು ಬಂದೂಕಿಲ್ಲದ ಎರಡು ರಾತ್ರಿಗಳು ಸಾಕು. ಜುಲೈ ಅಥವಾ ಆಗಸ್ಟ್‌ನಲ್ಲಿ ಜಿಂಕೆಗಳ ಓಡಾಟ ನೋಡಿಬರುವ ನೆಪದಲ್ಲಿ ಅದೇ ಎತ್ತರಕ್ಕೆ, ಅದೇ ಭಾರ ಹೊತ್ತು ಅವರೊಂದಿಗೆ ಹೋಗಿ. ನೀವು ಹಿಂದೆ ಬಿದ್ದಾಗ ಅವರು ನಿಲ್ಲುತ್ತಾರೆಯೇ, ಗುಡುಗು ಕೇಳಿದಾಗ ಬೋಳು ದಿಬ್ಬದಿಂದ ಇಳಿಯುತ್ತಾರೆಯೇ, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಬರುತ್ತಾರೆಯೇ ಎಂದು ನೋಡಿ. ಇನ್ನೊಂದು ದಿನ ಗುಂಡು ಅಭ್ಯಾಸದ ಮೈದಾನಕ್ಕೆ ಜೊತೆಯಲ್ಲಿ ಹೋಗಿ ಬಂದೂಕಿನ ಮೂತಿ ಸದಾ ಯಾವ ಕಡೆಗಿರುತ್ತದೆಂದು ಗಮನಿಸಿ. ಅವರು ಕೂಡ ನಿಮ್ಮನ್ನು ಹೀಗೆಯೇ ನೋಡುತ್ತಿರುತ್ತಾರೆ, ಅದಕ್ಕೆ ನೊಂದುಕೊಳ್ಳಬೇಡಿ. ಮೊದಲ ಸಂಜೆಯೇ ತಲೆ ನೋಯುತ್ತಿದ್ದರೂ ಮುಚ್ಚಿಟ್ಟಿರೆಂದು ನೀವೇ ಬರೆದಿದ್ದೀರಿ, ಹೀಗೆ ಮುಚ್ಚಿಡುವವರು ಜೊತೆಗಾರರಾಗಿ ಅಪಾಯಕಾರಿ. ಇಬ್ಬರೂ ಒಬ್ಬರಿಗೊಬ್ಬರು ಹೊಂದದಿದ್ದರೆ ಬೇಟೆಗಾರರ, ಮೀನಿಗೆ ಗಾಳ ಹಾಕುವವರ ಸಂಘಟನೆಯಾದ ಬ್ಯಾಕ್‌ಕಂಟ್ರಿ ಹಂಟರ್ಸ್ ಅಂಡ್ ಆಂಗ್ಲರ್ಸ್ ಸಂಸ್ಥೆಯ ಕೊಲೊರಾಡೊ ಶಾಖೆ ಇದೆ; ಅಂಥ ಕಡೆ ಕಾಡಿನ ಕೆಲಸಕ್ಕೆ ಸ್ವಯಂಸೇವಕರಾಗಿ ಹೋದರೆ ಜನರನ್ನು ದುಡಿಯುವಾಗ ಹತ್ತಿರದಿಂದ ನೋಡುವ ಅವಕಾಶ ಸಿಗುತ್ತದೆ.

ಹಾಗಾಗಿ ಈಗ ನೀವು ಮಾಡಬೇಕಾದದ್ದು ಒಂದೇ: ಏಪ್ರಿಲ್ ಮೊದಲ ವಾರದ ಗಡುವಿನೊಳಗೆ ಅರ್ಜಿಯನ್ನು ಒಬ್ಬರೇ ಹಾಕಿ. ಯಾರ ಗುಂಪಿಗೂ, ಹಳಬರದಕ್ಕೂ ಹೊಸಬರದಕ್ಕೂ, ಹೆಸರು ಕೊಡಬೇಡಿ. ಗುಂಪು ಅರ್ಜಿಯಲ್ಲಿ ಸಿಕ್ಕರೆ ಎಲ್ಲರಿಗೂ ಟ್ಯಾಗ್, ಸಿಗದಿದ್ದರೆ ಯಾರಿಗೂ ಇಲ್ಲ, ಗುಂಪಿನಲ್ಲಿ ಅತಿ ಕಡಿಮೆ ಪ್ರಿಫರೆನ್ಸ್ ಪಾಯಿಂಟ್ (ಹಿಂದೆ ಅರ್ಜಿ ಹಾಕಿ ಸಿಗದವರಿಗೆ ಕೂಡುತ್ತ ಹೋಗುವ ಆದ್ಯತೆಯ ಅಂಕ) ಇರುವವರ ಲೆಕ್ಕವೇ ಎಲ್ಲರ ಲೆಕ್ಕವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಗುಂಪಿನಲ್ಲಿ ಟ್ಯಾಗ್ ಬಂದ ಮೇಲೆ ಅಕ್ಟೋಬರಿನಲ್ಲಿ "ನಿಮ್ಮ ಜೊತೆ ಬರುವುದಿಲ್ಲ" ಎನ್ನುವ ಗಟ್ಟಿತನ ನಿಮಗಿಲ್ಲ, ನಿಮ್ಮ ಪತ್ರವೇ ಅದಕ್ಕೆ ಸಾಕ್ಷಿ. ಹೊಸಬರು ಅರ್ಜಿ ಹಾಕುವ ಪ್ರದೇಶಕ್ಕೇ ನೀವೂ ಪ್ರತ್ಯೇಕವಾಗಿ ಹಾಕಬಹುದು. ಇಬ್ಬರಿಗೂ ಸಿಕ್ಕು, ಬೇಸಿಗೆಯ ಪ್ರವಾಸ ಚೆನ್ನಾಗಿ ಕಳೆದರೆ ಜೊತೆಯಾಗಿ ಹೋಗಿ, ಇಲ್ಲದಿದ್ದರೆ ರಸ್ತೆಗೆ ಹತ್ತಿರದಲ್ಲಿ ಹಗಲು ಬೇಟೆ ಮಾಡಿ ರಾತ್ರಿ ಕೆಳಗಿನ ಊರಿಗೆ ಇಳಿಯಿರಿ. ಸ್ಯಾಟಲೈಟ್ ಸಾಧನ ಇನ್ನು ಮುಂದೆ ನಿಮ್ಮದೇ ಒಂದಿರಲಿ, ನಿಮ್ಮದೇ ಜೇಬಿನಲ್ಲಿರಲಿ.

ಹಳೆಯ ಸ್ನೇಹಿತರಿಗೆ ಸಂದೇಶ ಕಳಿಸಬೇಡಿ, ಫೋನ್ ಮಾಡಿ ಮಾತಾಡಿ. ಚಿತ್ರ, ಜಾಗ, ಚೀಲಗಳ ದೂರು ಒಂದನ್ನೂ ಎತ್ತಬೇಡಿ. "ಈ ವರ್ಷ ನಾನು ಒಬ್ಬನೇ ಅರ್ಜಿ ಹಾಕುತ್ತಿದ್ದೇನೆ. ಕಳೆದ ಸಲ ನನಗೆ ಹುಷಾರಿಲ್ಲದಾಗ ನೀವು ಸಾಧನವನ್ನೂ ಕೀಲಿಯನ್ನೂ ತೆಗೆದುಕೊಂಡು ಹೋದಿರಿ, ನನಗೆ ಭಯವಾಗಿತ್ತು" ಎಂದಷ್ಟೇ ಹೇಳಿ ಅವರ ಉತ್ತರ ಕೇಳಿಸಿಕೊಳ್ಳಿ. ಅವರು ಸುಮ್ಮನಾದರೆ ಅವರಿಗೆ ಸಮಯ ಕೊಡಿ, ನಕ್ಕು ಹಾರಿಸಿದರೆ ಆ ಮಾತನ್ನು ಮುಂದುವರಿಸಬೇಡಿ. ಅವರನ್ನು ಊಟಕ್ಕೆ ಕರೆಯುವುದನ್ನು, ಅವರ ಮನೆಯ ಶುಭಕಾರ್ಯಗಳಿಗೆ ಹೋಗುವುದನ್ನು ಬಿಡಬೇಕಾಗಿಲ್ಲ, ಕಲಿಸಿದ ಉಪಕಾರವನ್ನು ಅಲ್ಲೆಲ್ಲ ತೀರಿಸಬಹುದು. ಫೋನ್ ಮಾಡುವಾಗ ನಿಮ್ಮ ಹೆಂಡತಿ ಪಕ್ಕದಲ್ಲಿ ಕುಳಿತಿರಲಿ.