ಆವರಣದೊಳಗಿನ ತಂಗಿ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ನಾಲ್ಕು ಪುಟದ ಪತ್ರ. ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು, ತಲೆ ಕಾದಿತ್ತು.

ಬರೆದವನು ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಮುಗಿಸಿದ್ದಾನೆ. ಮನೆತನಕ್ಕೆಲ್ಲ ಮೊದಲ ಪದವೀಧರ. ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಬೇಕು. ಈ ಸಂತೋಷಕ್ಕೆ ಅಪ್ಪ ಊರಿಗೆಲ್ಲ ಊಟ ಹಾಕಿಸಲು ಹೊರಟಿದ್ದಾರೆ. ಒಂದೂವರೆ ಲಕ್ಷ ರೂಪಾಯಿ ಖರ್ಚು. ಅದನ್ನು ಬರಲಿರುವ ಗೋವಿನಜೋಳದ ಮೇಲೆ ದಲಾಲಿ ಅಂಗಡಿಯವರಿಂದ ಮುಂಗಡವಾಗಿ ತರುವ ಆಲೋಚನೆ. ಗೆಳೆಯರು ಅದೇ ಭಾನುವಾರ ರೆಸಾರ್ಟ್ ಗೊತ್ತು ಮಾಡಿದ್ದಾರೆ, ತಲೆಗೆ ನಾಲ್ಕು ಸಾವಿರ. ಎತ್ತು ಏರಿಗೆ, ಕೋಣ ನೀರಿಗೆ. ಇದರ ನಡುವೆ ಕಾಲೇಜಿನ ಪದವಿ ದಿನಾಚರಣೆಗೆ ಮನೆಯವರಿಗೆಂದು ಸಿಗುವುದು ಎರಡೇ ಪಾಸ್. ಅಪ್ಪ, ಅವ್ವ, ಸೋದರಮಾವ ಸೇರಿ ಮೂವರಾಗುತ್ತಾರೆ. ಯಾರನ್ನು ಬಿಡಲಿ, ಗೆಳೆಯರಿಗೆ ಏನು ಹೇಳಲಿ ಎಂಬುದು ಅವನ ಪ್ರಶ್ನೆ.

ತಮ್ಮಾ, ನೀನು ಕೇಳಿದ್ದಕ್ಕೆ ಉತ್ತರ ಸುಲಭ. ಪಾಸ್ ಅಪ್ಪನಿಗೆ ಒಂದು, ಅವ್ವನಿಗೆ ಒಂದು. ಗೆಳೆಯರ ಜೊತೆ ಇನ್ನೊಂದು ಸಂಜೆ ಉಣಕಲ್ ಕೆರೆಯ ದಂಡೆಗೋ ನೃಪತುಂಗ ಬೆಟ್ಟಕ್ಕೋ ಹೋಗು, ಗಿರಮಿಟ್ಟು, ಮಿರ್ಚಿ ಭಜಿ ತಿನ್ನಿ, ರಾತ್ರಿಯಾಗುವವರೆಗೆ ಹರಟೆ ಹೊಡೆಯಿರಿ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದವರಿಗೆ ನಾಲ್ಕು ಸಾವಿರ ರೂಪಾಯಿಯ ಈಜುಕೊಳ ಇಲ್ಲದೆ ಮಾತು ಹೊರಡುವುದಿಲ್ಲವೇ? ಇನ್ನು ಆ ಸಮಾರಂಭದ ವಿಷಯ. ಬಾಡಿಗೆಯ ಗೌನು ಹಾಕಿ, ಟೊಪ್ಪಿಗೆ ಮೇಲಕ್ಕೆ ಎಸೆದು ಫೋಟೋ ತೆಗೆಸಿಕೊಳ್ಳುವ ದಿನ ಅದು. ನಿನ್ನದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಎಂದಿರುವೆ. ಹಾಗಾದರೆ ಪದವಿ ಪ್ರಮಾಣಪತ್ರ ಕೊಡುವುದು ಬೆಳಗಾವಿಯಲ್ಲಿರುವ ಆ ವಿಶ್ವವಿದ್ಯಾಲಯ. ಫೋಟೋ ಬೇಡವೆನ್ನುವುದಿಲ್ಲ, ಅವ್ವ ಅದನ್ನು ಪಡಸಾಲೆಯಲ್ಲಿ ತೂಗುಹಾಕಲಿ. ಅದಕ್ಕಾಗಿ ನಿದ್ದೆಗೆಡಬೇಡ.

ನನ್ನ ತಲೆ ಕಾಯಿಸಿದ್ದು ಮೂರನೆಯ ಪುಟ. ಅಲ್ಲಿ ನೀನು ಹೀಗೆ ಬರೆದಿದ್ದೀಯ: ‘ಕೊನೆಯ ಸೆಮಿಸ್ಟರಿನ ಶುಲ್ಕಕ್ಕೆ ಅಪ್ಪ ಬಹಳ ಪರದಾಡಿದರು (ತಂಗಿ ಹೊಲಿಗೆಯ ದುಡ್ಡಿನಲ್ಲಿ ಎಂಟು ಸಾವಿರ ಕೊಟ್ಟಳು, ಅವಳು ಎರಡು ವರ್ಷದ ಹಿಂದೆ ಪಿಯುಸಿಗೆ ಬಿಟ್ಟಳು).’ ಅಷ್ಟೇ. ಆವರಣ ಚಿಹ್ನೆ ಮುಚ್ಚಿತು, ನೀನು ಮತ್ತೆ ರೆಸಾರ್ಟಿಗೆ ಹೋದೆ.

‘ಬಿಟ್ಟಳು’ ಎಂದರೆ ಏನು? ಕೊನೆಯ ಪುಟದಲ್ಲಿ, ಮನೆಯ ಪರಿಸ್ಥಿತಿ ವಿವರಿಸುವ ಭರದಲ್ಲಿ, ಅವಳಿಗೆ ವಾಣಿಜ್ಯ ವಿಭಾಗದಲ್ಲಿ ಶೇ 88 ಬಂದಿತ್ತು, ಓದಿದ್ದೆಲ್ಲ ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿಯು ಕಾಲೇಜು ಎಂದು ನೀನೇ ಹೇಳಿದ್ದೀಯ. ಶೇ 88 ತೆಗೆದ ಹುಡುಗಿ ತಾನಾಗಿ ಬಿಡುವುದಿಲ್ಲ, ಬಿಡಿಸುತ್ತಾರೆ. ಇಬ್ಬರನ್ನೂ ಓದಿಸುವಷ್ಟು ದುಡ್ಡು ಇರಲಿಲ್ಲ, ನೀನು ಎರಡನೆಯ ವರ್ಷದಲ್ಲಿದ್ದೆ, ಗಂಡು ಹುಡುಗ. ಯಾರೂ ಕೂತು ತೀರ್ಮಾನಿಸಿರಲಿಕ್ಕಿಲ್ಲ. ನಮ್ಮ ಮನೆಗಳಲ್ಲಿ ಇಂಥವು ತೀರ್ಮಾನವಾಗುವುದೇ ಇಲ್ಲ, ಸುಮ್ಮನೆ ನಡೆದುಹೋಗುತ್ತವೆ. ಈಗ ನಿನ್ನ ಊಟಕ್ಕೆ ಬರುವ ನೆಂಟರ ಕುಪ್ಪಸಗಳನ್ನೆಲ್ಲ ಅವಳೇ ರಾತ್ರಿ ಹನ್ನೊಂದರವರೆಗೆ ಕೂತು ಹೊಲಿಯುತ್ತಿದ್ದಾಳಂತೆ. ಇದನ್ನು ನೀನು ಸಂಭ್ರಮದ ಸುದ್ದಿಯಾಗಿ ಬರೆದಿದ್ದೀಯ. ಪಾಸಿನ ಲೆಕ್ಕ ಹಾಕುವಾಗ ಮಾವನ ಹೆಸರು ಬಂತು, ಅವಳ ಹೆಸರು ಬರಲಿಲ್ಲ.

ನಿನ್ನ ಅಪ್ಪನನ್ನು ನಾನು ಬೈಯುವುದಿಲ್ಲ. ಇಪ್ಪತ್ತು ವರ್ಷ ಊರಿನ ಎಲ್ಲರ ಮನೆಯ ಮದುವೆ, ಸೀಮಂತ, ಗೃಹಪ್ರವೇಶದಲ್ಲಿ ಉಂಡು ಬಂದ ಮನುಷ್ಯನಿಗೆ ಒಮ್ಮೆಯಾದರೂ ತಾನು ನಾಲ್ಕು ಜನರಿಗೆ ಉಣಿಸಬೇಕು ಎನಿಸುತ್ತದೆ. ಅದು ಡೌಲು ಅಲ್ಲ, ಉಂಡ ಋಣ. ಊಟ ಆಗಲೇಬೇಕು. ಆದರೆ ಶಾಮಿಯಾನಾ, ಅಡುಗೆ ಗುತ್ತಿಗೆ, ಮೂರು ಬಗೆಯ ಸಿಹಿ ಎಲ್ಲಿಂದ ಬಂದವು? ಗುಡಿಯ ಅಂಗಳದಲ್ಲಿ ಗೋಧಿ ಹುಗ್ಗಿ, ಮುಳಗಾಯಿ ಪಲ್ಯ, ಅನ್ನ, ಸಾರು ಮಾಡಿಸಿ. ರೊಟ್ಟಿಯನ್ನು ಓಣಿಯ ಮನೆಮನೆಯಲ್ಲಿ ಬಡಿದು ಕೊಡುತ್ತಾರೆ. ಜಾತ್ರೆಯ ದಾಸೋಹಕ್ಕೆ ಕೊಡುವವರು ನಿನ್ನ ಅಪ್ಪನಿಗೆ ಇಲ್ಲವೆನ್ನುತ್ತಾರೆಯೇ? ದಲಾಲಿ ಅಂಗಡಿಯ ಹತ್ತಿರ ಮಾತ್ರ ಸುಳಿಯಬೇಡಿ. ಊಟಕ್ಕೆ ಸಾಲ ಮಾಡಬಾರದೆಂದು ಈ ಅಂಕಣದಲ್ಲಿ ಬರೆದೂ ಬರೆದೂ ನನಗೇ ಬೇಸರ ಬಂದಿದೆ. ಮುಂಗಡ ಕೊಟ್ಟವನ ಅಂಗಡಿಗೇ ಮಾಲು ಹಾಕಬೇಕು, ಅವನು ತನ್ನದನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾನೆ. ಮಳೆ ಕೈಕೊಟ್ಟರೆ ಉಳಿಯುವುದೂ ಇಲ್ಲ.

ನನ್ನ ಸಿಟ್ಟೆಲ್ಲ ನಿನ್ನ ಸೋದರಮಾವನ ಮೇಲೆ. ಒಂದೂವರೆ ಲಕ್ಷದ ಅಂದಾಜು ಪಟ್ಟಿ ಬರೆದವರು ಅವರೇ. ಬಸ್ ನಿಲ್ದಾಣದ ಎದುರು ನಿನ್ನ ಚಿತ್ರವಿರುವ ಫ್ಲೆಕ್ಸ್ ಕಟ್ಟಿಸುವ ಉಪಾಯವೂ ಅವರದೇ. ಅದರಲ್ಲಿ ನಿನ್ನ ಮುಖಕ್ಕಿಂತ ಅವರ ಮತ್ತು ಅವರ ನಾಯಕರ ಮುಖ ದೊಡ್ಡದಾಗಿರುತ್ತದೆ, ಬೇಕಾದರೆ ಪಂಥ ಕಟ್ಟುತ್ತೇನೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ, ನಮ್ಮ ಊರುಗಳ ಕಂಬಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಿನ್ನ ಓದಿಗೆ ಮಾವ ಎಷ್ಟು ಕೊಟ್ಟರು ಎಂದು ನಾಲ್ಕೂ ಪುಟ ಹುಡುಕಿದೆ. ಒಂದು ರೂಪಾಯಿಯೂ ಕಾಣಲಿಲ್ಲ. ಎಂಟು ಸಾವಿರ ಕೊಟ್ಟವಳು ಆವರಣದೊಳಗಿದ್ದಾಳೆ.

ಈಗ ಮಾಡಬೇಕಾದದ್ದು ಒಂದೇ. ಅಪ್ಪ, ಅವ್ವ, ಮಾವ ಯಾರೂ ಹತ್ತಿರ ಇಲ್ಲದ ಹೊತ್ತಿನಲ್ಲಿ, ಯಂತ್ರದ ಪಕ್ಕ ಕೂತು, ತಂಗಿಯನ್ನು ಕೇಳು: ‘ಬಿ.ಕಾಂ. ಮಾಡುತ್ತೀಯಾ?’ ಮೊದಲ ಸಲ ಬೇಡವೆನ್ನುತ್ತಾಳೆ. ‘ಈಗ ಯಾಕೆ ಬಿಡು’ ಎಂದು ಸೂಜಿಗೆ ದಾರ ಪೋಣಿಸುತ್ತಾಳೆ. ನಂಬಬೇಡ. ಮರುದಿನ ಮತ್ತೆ ಕೇಳು. ಆಗಲೂ ಮನಸ್ಸಿಟ್ಟು ಬೇಡವೆಂದರೆ, ಹೊಲಿಗೆಯಲ್ಲೇ ಮುಂದೆ ಹೋಗುತ್ತೇನೆ ಎಂದರೆ, ಅದು ಅವಳ ಇಷ್ಟ. ಹೌದೆಂದರೆ ತಡಮಾಡಬೇಡ. ಎರಡು ವರ್ಷ ಕಳೆದದ್ದು ದೊಡ್ಡ ಅಡ್ಡಿಯಲ್ಲ. 2024-25ರಿಂದ ಪದವಿ ಮತ್ತೆ ಮೂರೇ ವರ್ಷದ್ದಾಗಿದೆ. ಅರ್ಜಿಯನ್ನು ಪದವಿ ಪ್ರವೇಶದ ಸರ್ಕಾರಿ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ತುಂಬಬೇಕು, ಕಂಪ್ಯೂಟರ್ ಓದಿದವನಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಿಂದ ಹಾವೇರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ನಡುವೆ ಬಿಟ್ಟವರಿಗೆ ಅದು ಅನ್ವಯಿಸುತ್ತದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಕೇಳು. ಸಿಗದಿದ್ದರೆ ಪುಸ್ತಕ, ಶುಲ್ಕ, ಮಧ್ಯಾಹ್ನದ ಊಟದ ಖರ್ಚು ಆಗಸ್ಟ್‌ನಿಂದ ನಿನ್ನ ಸಂಬಳದ ಮೇಲೆ. ಬೆಂಗಳೂರಿನಲ್ಲಿ ಬಾಡಿಗೆ ದುಬಾರಿ ಎಂಬ ರಾಗ ತೆಗೆಯಬೇಡ.

ಅವಳ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಊಟದ ಗಡಿಬಿಡಿ ಶುರುವಾಗುವ ಮುನ್ನವೇ ಹುಡುಕಿ ಇಟ್ಟುಕೋ. ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ನಾಡಕಚೇರಿಗೆ ಈ ವಾರವೇ ಹೋಗಬೇಕು. ಅಲ್ಲಿ ಮಾವನ ಪರಿಚಯದವರು ಇದ್ದಾರೆಂದು ಬರೆದಿದ್ದೀಯಲ್ಲ, ಆ ಕೆಲಸಕ್ಕೆ ಅವರನ್ನು ಧಾರಾಳವಾಗಿ ಕರೆದುಕೊಂಡು ಹೋಗು.