ಕರ್ನೆಲ್ ಅಪ್‌ಗ್ರೇಡ್ ಆದ ಮೇಲೆ ಜಿಡಿಬಿ ಅಟ್ಯಾಚ್ ಆಗುತ್ತಿಲ್ಲ, ಏನು ಮಾಡಲಿ?

ಪ್ರೋಗ್ರಾಂನ ತಪ್ಪು ಹುಡುಕುವ ಡಿಬಗರ್ ಆದ ಜಿಡಿಬಿಯನ್ನು ತೆಗೆದು ಮತ್ತೆ ಹಾಕಿದರೂ "ಪಿಟ್ರೇಸ್: ಆಪರೇಷನ್ ನಾಟ್ ಪರ್ಮಿಟೆಡ್" ಅಂತಲೇ ಬರುತ್ತಿದೆ ಎಂದಿದ್ದೀರಿ. ಇನ್ನೊಮ್ಮೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ, ಸುಮ್ನೆ ಸಮಯ ಹಾಳು. ಜಿಡಿಬಿಗೆ ಏನೂ ಆಗಿಲ್ಲ. ಲಿನಕ್ಸ್‌ನಲ್ಲಿ ಇನ್ನೊಂದು ಪ್ರೋಸೆಸ್‌ನ (ಓಡುತ್ತಿರುವ ಪ್ರೋಗ್ರಾಂನ) ಒಳಗೆ ಕೈ ಹಾಕಬೇಕಾದರೆ, ಅಂದರೆ ಅಟ್ಯಾಚ್ ಆಗಬೇಕಾದರೆ, ಡಿಬಗರ್ ಪಿಟ್ರೇಸ್ ಎಂಬ ಸಿಸ್ಟಂ ಕಾಲ್ ಮೂಲಕ ಕರ್ನೆಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಅನುಮತಿ ಕೇಳಬೇಕು. ಕರ್ನೆಲ್ ಈಗ ಆಗಲ್ಲ ಅನ್ನುತ್ತಿದೆ.

ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಪ್ರೋಗ್ರಾಂ ಅನ್ನು ಜಿಡಿಬಿ ಒಳಗಿಂದಲೇ 'ರನ್' ಕೊಟ್ಟು ಶುರು ಮಾಡಿ. ಬ್ರೇಕ್‌ಪಾಯಿಂಟ್‌ನಲ್ಲಿ (ನಿಲ್ಲು ಅಂತ ನೀವು ಗುರುತು ಹಾಕಿದ ಜಾಗದಲ್ಲಿ) ಸರಿಯಾಗಿ ನಿಲ್ಲುತ್ತದಾ? ಆಗಲೇ ಓಡುತ್ತಿರುವ ಪ್ರೋಸೆಸ್‌ಗೆ ಅಟ್ಯಾಚ್ ಮಾಡುವಾಗ ಮಾತ್ರ ತಕರಾರಾ? ಹಾಗಿದ್ದರೆ ನಾನು ಮೊದಲು ಅನುಮಾನ ಪಡುವುದು ಯಾಮಾ ಮೇಲೆ. ಇದು 2012ರಲ್ಲಿ, 3.4ನೇ ಆವೃತ್ತಿಯಲ್ಲಿ, ಕರ್ನೆಲ್‌ಗೆ ಸೇರಿದ ಭದ್ರತಾ ಮಾಡ್ಯೂಲ್. ಪ್ರೋಕ್ ಫೋಲ್ಡರಿನಲ್ಲಿ ಸಿಸ್, ಅದರೊಳಗೆ ಕರ್ನೆಲ್, ಅದರೊಳಗೆ ಯಾಮಾ. ಅಲ್ಲಿ 'ಪಿಟ್ರೇಸ್ ಸ್ಕೋಪ್' ಎಂಬ ಫೈಲ್ ಇದೆ. ತೆರೆದು ನೋಡಿ, ಒಂದೇ ಒಂದು ಅಂಕಿ ಇರುತ್ತದೆ.

0 ಇದ್ದರೆ ನಿಮ್ಮದೇ ಯೂಸರ್‌ನ ಯಾವ ಸಾಮಾನ್ಯ ಪ್ರೋಸೆಸ್‌ಗಾದರೂ ಅಟ್ಯಾಚ್ ಆಗಬಹುದು. 1 ಇದ್ದರೆ ಡಿಬಗರ್ ತಾನು ಹುಟ್ಟಿಸಿದ ಪ್ರೋಸೆಸ್‌ಗಳಿಗೆ ಮಾತ್ರ. 'ರನ್' ಕೆಲಸ ಮಾಡುವುದು ಅದಕ್ಕೇ, ಆ ಪ್ರೋಗ್ರಾಂ ಅನ್ನು ಹುಟ್ಟಿಸಿದ್ದೇ ಜಿಡಿಬಿ. 2 ಇದ್ದರೆ ರೂಟ್‌ನಂಥ (ಸಿಸ್ಟಂನ ಅಡ್ಮಿನ್ ಯೂಸರ್‌ನಂಥ) ವಿಶೇಷ ಅಧಿಕಾರ ಬೇಕು. 3 ಅಂದರೆ ಯಾರಿಗೂ ಇಲ್ಲ, ರೀಬೂಟ್ ಆಗುವವರೆಗೆ ಆ ಅಂಕಿಯನ್ನು ಬದಲಾಯಿಸಲೂ ಆಗಲ್ಲ.

ಅಪ್‌ಗ್ರೇಡ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ? ಹಳೆಯ ಕರ್ನೆಲ್‌ನಲ್ಲಿ ಯಾಮಾ ಸೇರಿಸದೆ ಬಿಲ್ಡ್ ಮಾಡಿದ್ದಿರಬಹುದು. ಇನ್ನೊಂದು ಕಾರಣ ತುಂಬಾ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಯಾರೋ ಯಾವಾಗಲೋ ಆ ಫೈಲ್‌ಗೆ 0 ಬರೆದಿರುತ್ತಾರೆ. ಅದು ಮೆಮೊರಿಯಲ್ಲಿ ಮಾತ್ರ ಉಳಿಯುವ ಬದಲಾವಣೆ. ತಿಂಗಳುಗಟ್ಟಲೆ ಆಫ್ ಆಗದ ಮೆಷಿನ್ ಅಪ್‌ಗ್ರೇಡ್‌ಗೆಂದು ರೀಬೂಟ್ ಆಗುತ್ತದೆ, ಅಂಕಿ ಮತ್ತೆ 1ಕ್ಕೆ ಬರುತ್ತದೆ. ಬೈಸಿಕೊಳ್ಳುವುದು ಹೊಸ ಕರ್ನೆಲ್! ಮೆಷಿನ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನೆಲ್ ಆರಿಸಿ ಬೂಟ್ ಮಾಡಿ ನೋಡಿ. ಅಲ್ಲೂ ಇದೇ ಎರರ್ ಬಂದರೆ ತಪ್ಪು ಹೊಸ ಕರ್ನೆಲ್‌ನದ್ದಲ್ಲ ಅಂತ ಗೊತ್ತಾಗುತ್ತದೆ.

ಸದ್ಯದ ಕೆಲಸಕ್ಕೆ ರೂಟ್ ಆಗಿ ಆ ಫೈಲ್‌ಗೆ 0 ಬರೆಯಿರಿ, ಮುಗಿದ ಮೇಲೆ 1 ಮಾಡಿ. ಬೂಟ್ ಆದಾಗಲೆಲ್ಲ ಕರ್ನೆಲ್‌ಗೆ ಅನ್ವಯಿಸುವ ಸಿಸ್‌ಕಂಟ್ರೋಲ್ ಸೆಟ್ಟಿಂಗ್‌ನಲ್ಲಿ ಕಾಯಂ ಆಗಿ 0 ಹಾಕುವ ಸಲಹೆ ಎಲ್ಲ ಕಡೆ ಸಿಗುತ್ತದೆ, ನಾನಂತೂ ಕೊಡಲ್ಲ. ಹಾಗೆ ಬಿಟ್ಟರೆ ನಿಮ್ಮ ಯೂಸರ್ ಹೆಸರಲ್ಲಿ ಓಡುವ ಯಾವುದೋ ಒಂದು ಕೆಟ್ಟ ಪ್ರೋಗ್ರಾಂ ನಿಮ್ಮ ಬ್ರೌಸರ್‌ನ ಮೆಮೊರಿಯಿಂದ ಪಾಸ್‌ವರ್ಡ್ ಎತ್ತಿಕೊಳ್ಳಬಹುದು, ಅಲ್ವಾ? ಡಿಬಗ್ ಮಾಡುತ್ತಿರುವುದು ನಿಮ್ಮದೇ ಕೋಡ್ ಆದರೆ ಇನ್ನೂ ಒಳ್ಳೆ ದಾರಿ ಇದೆ. ಪಿಆರ್‌ಕಂಟ್ರೋಲ್ ಎಂಬ ಸಿಸ್ಟಂ ಕಾಲ್‌ನಲ್ಲಿ 'ಸೆಟ್ ಪಿಟ್ರೇಸರ್' ಆಯ್ಕೆ ಕೊಟ್ಟು, ಯಾವ ಪ್ರೋಸೆಸ್ ತನಗೆ ಅಟ್ಯಾಚ್ ಆಗಬಹುದು ಅಂತ ಪ್ರೋಗ್ರಾಂ ತಾನೇ ಹೇಳಬಹುದು.

ಅಂಕಿ 0 ಇದ್ದೂ ಅಟ್ಯಾಚ್ ಆಗದಿದ್ದರೆ ಇನ್ನೆರಡು ಕಡೆ ನೋಡಿ. ಡಾಕರ್ ಒಳಗಿದ್ದರೆ ಕಂಟೇನರ್ (ಪ್ರೋಗ್ರಾಂ ಬೇರೆಯಾಗಿ ಓಡುವ ಆವರಣ) ಶುರು ಮಾಡುವಾಗಲೇ ಸಿಸ್ ಪಿಟ್ರೇಸ್ ಅಧಿಕಾರ ಕೊಡಿ. ನಿಮ್ಮ ಲಿನಕ್ಸ್ ಫೆಡೋರಾ ಆದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ 'ಡಿನೈ ಪಿಟ್ರೇಸ್' ಆಯ್ಕೆ ಆನ್ ಆಗಿದೆಯಾ ನೋಡಿ. 'ರನ್' ಕೊಟ್ಟರೂ ಆಗದಿದ್ದರೆ ಅದು ಬೇರೆಯೇ ಸಮಸ್ಯೆ. ಆಗ ಎರರ್‌ನ ಪೂರ್ತಿ ಸಾಲು, ಕರ್ನೆಲ್ ಮತ್ತು ಜಿಡಿಬಿ ಆವೃತ್ತಿ ಬರೆದು ಹಾಕಿ, ನೋಡ್ತೀನಿ.