ಬಿಳಿ ಇರಬೇಕಾದಲ್ಲಿ ನೀಲಿ ಬಂದರೆ

ಪ್ರಶ್ನೆ: ಸಯನೋಟೈಪ್ (ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ) ಪ್ರಿಂಟ್ ಮಾಡೋಕೆ ಮನೆಯಲ್ಲೇ ದ್ರಾವಣ ತಯಾರಿಸಿದೆ. ಎರಡೂ ಪುಡಿಗಳನ್ನು ಒಂದೇ ಬಾಟಲಿಯಲ್ಲಿ ಕಲಸಿಟ್ಟಿದ್ದೇನೆ. ಮೊದಲೆರಡು ದಿನ ಪ್ರಿಂಟ್ ಚೆನ್ನಾಗಿ ಬಂತು. ಈಗ ಬಿಳಿ ಇರಬೇಕಾದ ಜಾಗವೆಲ್ಲ ತಿಳಿನೀಲಿ. ಬಿಸಿಲಿಗೆ ಜಾಸ್ತಿ ಹೊತ್ತು ಇಟ್ಟೆನಾ?

ಉತ್ತರ: ಬಿಸಿಲಿಗಿಂತ ಬಾಟಲಿಯ ಮೇಲೇ ನನಗೆ ಅನುಮಾನ. 1842ರಲ್ಲಿ ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ ಈ ವಿಧಾನ ಕಂಡುಹಿಡಿದಾಗಿನಿಂದ ಇದಕ್ಕೆ ಬೇಕಾಗಿರುವುದು ಕಬ್ಬಿಣದ ಎರಡು ಲವಣಗಳು, ಆದರೆ ಇವೆರಡೂ ಒಮ್ಮೆ ಕೂಡಿದರೆ ಕತ್ತಲಲ್ಲಿಟ್ಟರೂ ಸುಮ್ನೆ ಇರುವುದಿಲ್ಲ, ನಿಧಾನವಾಗಿ ಒಳಗೇ ನೀಲಿ ಹುಟ್ಟುತ್ತಾ ಹೋಗುತ್ತದೆ. ಬಾಟಲಿಯ ತಳ ನೋಡಿ. ಕಡುನೀಲಿ ಗಸಿ ಕೂತಿದ್ದರೆ ಆ ದ್ರಾವಣ ಮುಗಿಯಿತು.

ಹೊಸದಾಗಿ ಮಾಡುವಾಗ ಎರಡು ಕಂದು ಬಾಟಲಿ ಇಟ್ಟುಕೊಳ್ಳಿ. ಒಂದರಲ್ಲಿ ಹಸಿರು ಬಗೆಯ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಇನ್ನೊಂದರಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಪುಡಿಯನ್ನು ಮೊದಲು ಸ್ವಲ್ಪ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ, ಆಮೇಲೆ ಒಂದೊಂದು ಬಾಟಲಿಯೂ ಒಟ್ಟು 100 ಮಿಲಿಗೆ ಬರುವಷ್ಟು ನೀರು ಸೇರಿಸಿ. ಚಮಚದ ಅಳತೆ ಬೇಡ, ತೂಕವೇ ಮಾಡಿ. ಪ್ರಿಂಟ್ ಮಾಡುವ ದಿನ ಎಷ್ಟು ಬೇಕೋ ಅಷ್ಟನ್ನೇ ಎರಡರಿಂದಲೂ ಸಮಸಮ ತೆಗೆದು ಕಲಸಿ. ಸಿಟ್ರೇಟ್ ಬಾಟಲಿಯಲ್ಲಿ ಬೂಷ್ಟು ಬರುವುದುಂಟು, ಗಾಬರಿ ಬೇಡ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ ಬಳಸಬಹುದು.

ಒಂದು ಪರೀಕ್ಷೆ ಮಾತ್ರ ತಪ್ಪದೆ ಮಾಡಿ. ಮಂದ ಬೆಳಕಿನಲ್ಲಿ ಒಂದು ಚೂರು ಕಾಗದಕ್ಕೆ ಹೊಸ ದ್ರಾವಣ ಸವರಿ, ಕತ್ತಲಲ್ಲೇ ಒಣಗಿಸಿ, ಬಿಸಿಲು ತೋರಿಸದೆ ನೇರವಾಗಿ ನೀರಲ್ಲಿ ತೊಳೆಯಿರಿ. ಹಳದಿ-ಹಸಿರು ಬಣ್ಣ ಪೂರ್ತಿ ಬಿಟ್ಟು ಕಾಗದ ಬೆಳ್ಳಗಾದರೆ ಎಲ್ಲ ಸರಿ ಇದೆ, ಅಲ್ಲಿಗೆ ತೊಂದರೆ ಹಳೇ ಬಾಟಲಿಯದೇ. ಆಗಲೂ ನೀಲಿ ಉಳಿದರೆ ಬೇರೆ ಕಾಗದದ ಮೇಲೆ ಇದನ್ನೇ ಮಾಡಿ ನೋಡಿ, ಯಾಕೆಂದರೆ ಕೆಲವು ಕಾಗದ ಈ ದ್ರಾವಣಕ್ಕೆ ಒಗ್ಗುವುದಿಲ್ಲ. ಸುಣ್ಣದ ಅಂಶ ಬೆರೆಸಿದ ಕಾಗದವಂತೂ ನೀಲಿಯನ್ನೇ ಮಸುಕು ಮಾಡುತ್ತದೆ. ಕ್ಷಾರ ಈ ಬಣ್ಣಕ್ಕೆ ಶತ್ರು, ಸೋಪು ಕೂಡ ತಾಗಿಸಬೇಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಫೆರಿಸಯನೈಡ್‌ನಲ್ಲಿ ಸಯನೈಡ್ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹಾಗಾಗಿ ಸರಿಯಾಗಿ ಬಳಸಿದರೆ ಭಯವಿಲ್ಲ. ಆದರೆ ಪ್ರಬಲ ಆಸಿಡ್ ಬಿದ್ದರೆ ಅಥವಾ ಚೆನ್ನಾಗಿ ಕಾಯಿಸಿದರೆ ವಿಷಾನಿಲ ಬರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರದಲ್ಲೂ ಇರಬಾರದು, ಹಳೇ ದ್ರಾವಣವನ್ನು ಟಾಯ್ಲೆಟ್ಟಿಗೆ ಸುರಿಯಲೂ ಬಾರದು. ಕೈಗವಸು ಹಾಕಿ. ಇದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಬಾಟಲಿ ಮೇಲೆ ಹೆಸರು, ತಾರೀಕು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಅಂದಹಾಗೆ, ತೊಳೆದ ಕೂಡಲೇ ನೀಲಿ ಪೇಲವ ಕಂಡರೆ ಪ್ರಿಂಟ್ ಬಿಸಾಡಬೇಡಿ. ಗಾಳಿಗೆ ಒಂದು ದಿನ ಬಿಟ್ಟರೆ ತಾನಾಗಿಯೇ ಗಾಢವಾಗುತ್ತದೆ.